ಲೋ ವೋಲ್ಟೇಜಿನ ಗಾಯಕ

ನಲವತ್ತು ದಾಟಿದ ಮೇಲೆ ಮನುಷ್ಯ ತನ್ನ ಅಭಿರುಚಿಯನ್ನು ಬದಲಾಯಿಸಿಕೊಳ್ಳಬಾರದು. ಬದಲಾಯಿಸಿಕೊಂಡರೂ ಊರಿಗೆ ತಿಳಿಯಗೊಡಬಾರದು. ಕಾಫಿ ಬಿಟ್ಟು ಕಷಾಯ ಕುಡಿದರೆ ಜನ ಆರೋಗ್ಯ ವಿಚಾರಿಸುತ್ತಾರೆ. ಮೀಸೆ ಬೋಳಿಸಿಕೊಂಡರೆ ಮನೆಯಲ್ಲಿ ಯಾರು ಹೋದರು ಎಂದು ಮೆತ್ತಗೆ ಕೇಳುತ್ತಾರೆ. ನಾನು ಬದಲಾಯಿಸಿಕೊಂಡದ್ದು ಕೇಳುವ ಹಾಡನ್ನು. ಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಕಾಲೇಜಿನ ದಿನಗಳಿಂದಲೂ ರಾಕ್ ಸಂಗೀತದ ಹುಚ್ಚು. ಹುಚ್ಚು ಎಂಬ ಮಾತು ನನ್ನದಲ್ಲ, ನನ್ನ ಹೆಂಡತಿ ಸುಮಿತ್ರೆಯದು. ಕ್ಯಾಸೆಟ್ಟಿನಲ್ಲಿ ಗಿಟಾರು ಕಿರುಚುವ ಜಾಗ ಬಂದಾಗಲೆಲ್ಲ ಅವಳು ಅಡುಗೆಮನೆಯಿಂದಲೇ, "ನಮ್ಮ ಮಿಕ್ಸಿ ಕೆಡೋ ಮುಂಚೆ ಹಿಂಗೇ ಕೂಗ್ತಿತ್ತು ಮಾರಾಯ್ರೆ" ಎನ್ನುತ್ತಿದ್ದಳು.

ಈ ಹುಚ್ಚಿಗೆ ಸುತ್ತಮುತ್ತ ನನಗಿದ್ದ ಜೊತೆಗಾರ ಶೃಂಗೇರಿಯ ಪ್ರಕಾಶ ಒಬ್ಬನೇ. ಅವನದು ಮೊಬೈಲ್ ಅಂಗಡಿ. ಸದಾ ಕಪ್ಪು ಟೀ ಶರ್ಟು. ಮನೆಯಲ್ಲಿ ಪೂಜೆ ಇದ್ದ ದಿನ ಮಾತ್ರ ಅದನ್ನು ಬಿಚ್ಚಿ ಶಲ್ಯ ಹೊದೆಯುತ್ತಾನೆ. ಗಿಟಾರು ಮುಂದೆ ನಿಂತು ಗರ್ಜಿಸದಿದ್ದರೆ ಅದು ಹಾಡೇ ಅಲ್ಲ ಎಂಬುದು ಅವನ ಸಿದ್ಧಾಂತ. ಇಪ್ಪತ್ತು ವರ್ಷ ನಾನೂ ಅದಕ್ಕೆ ತಲೆಯಾಡಿಸಿದವನೇ, ಅದೂ ಕುತ್ತಿಗೆ ಉಳುಕುವಷ್ಟು.

ಹೀಗಿರುವಾಗ ಪರೀಕ್ಷೆಯ ಕೆಲಸಕ್ಕೆಂದು ನರಸಿಂಹರಾಜಪುರಕ್ಕೆ ಹೋದೆ. ಅಲ್ಲಿ ಖಾದರ್ ಸಾಹೇಬರ ಮೈಕ್ ಸೆಟ್ ಅಂಗಡಿ. ಎಲ್ಲೆಲ್ಲೂ ಸಿಡಿ ಬಂದು, ಹಳೆಯ ರೆಕಾರ್ಡ್ ಪ್ಲೇಯರನ್ನೂ ಕಪ್ಪು ಪ್ಲೇಟುಗಳನ್ನೂ ಅವರು ಹೊರಗೆ ಹಾಕುತ್ತಿದ್ದರು. ಒಂದು ಪ್ಲೇಟಿನ ನಡುವಿನ ಹೆಸರಿನ ಜಾಗಕ್ಕೆ ಕಾಗದ ಅಂಟಿಸಿ, 'ಇಂಗ್ಲಿಷ್, ಮದುವೆಗೆ ಬೇಡ' ಎಂದು ಬರೆದಿತ್ತು. ಏನೆಂದು ಕೇಳಿದೆ.

"ಎಸ್ಟೇಟ್ ಬಂಗಲೆಯವರು ಕೊಟ್ಟದ್ದು ಮೇಷ್ಟ್ರೇ. ಒಂದ್ಸಲ ಧಾರೆ ಹೊತ್ತಲ್ಲಿ ಗೊತ್ತಿಲ್ದೆ ಹಾಕ್ಬಿಟ್ಟೆ. ಮದುಮಗನ ಕಾಲು ಮಣೆ ಮೇಲೆ ತಾಳ ಹಾಕ್ತು. ಹಿರಿಯರು ಹಿಡ್ಕೊಂಡು ಬೈದ್ರು. ಅವತ್ತೇ ಚೀಟಿ ಅಂಟಿಸ್ದೆ."

ಪ್ಲೇಯರನ್ನೂ ಪ್ಲೇಟನ್ನೂ ತಂದು ಸಂಜೆ ಹಾಕಿದೆ. ಮೊದಲು ಬೇಸ್ ಗಿಟಾರು ಬಂತು, ಉಂಡ ಮೇಲೆ ಅಂಗಳದಲ್ಲಿ ಅಡ್ಡಾಡುವ ಯಜಮಾನನ ಹಾಗೆ, ಯಾವ ಅವಸರವೂ ಇಲ್ಲದೆ. ಡ್ರಮ್ಮು ಅದರ ಹಿಂದೆ ಹಿಂದೆ. ಆಮೇಲೆ ತುತ್ತೂರಿಗಳು. ಕೊನೆಗೆ ಆ ದನಿ. ದಪ್ಪ, ಆಳವಾದ, ನೊಂದ ಗಂಡುದನಿ. ಇದು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ, ತಾಳ ಬಿಗಿಯಾದಾಗ ಇದನ್ನೇ ಫಂಕ್ ಎನ್ನುತ್ತಾರೆ, ನಮ್ಮ ರಾಕ್‌ನವರೆಲ್ಲ ಇವರಿಂದಲೇ ಕಲಿತದ್ದು ಎಂದು ಪತ್ರಿಕೆಗಳಲ್ಲಿ ಓದಿದ್ದೆನೇ ಹೊರತು ಕೇಳಿರಲಿಲ್ಲ. ಹಾಡು ಮುಗಿಯುವಾಗ ನನ್ನ ಕಣ್ಣು ತುಂಬಿತ್ತು. ಹೆಂಡತಿ ಬಿಟ್ಟುಹೋದ ಯಾವನೋ ಗಂಭೀರ ಮನುಷ್ಯ, ಯಾರನ್ನೂ ದೂರದೆ ದುಃಖ ಹೇಳಿಕೊಳ್ಳುತ್ತಿದ್ದಾನೆ ಎಂದು ನಿಶ್ಚಯಿಸಿದೆ. ಸುಮಿತ್ರೆ ಕೂಡ ಬಾಗಿಲಿಗೆ ಬಂದು ನಿಂತು, "ಇವ ಅಡ್ಡಿಲ್ಲ. ಕೂಗುದಿಲ್ಲ" ಎಂದಳು. ಹಗಲು ಸ್ಕೂಲು, ಭಾನುವಾರದ ಹಗಲು ಅವಳ ಟಿವಿ. ಹಾಗಾಗಿ ದಿನವೂ ಸಂಜೆಯೇ ಅವನ ಸಮಯವಾಯಿತು. ನಾನು ಅವನನ್ನು ಮನೆಯ ನೆಂಟನಂತೆ ಕಾಯತೊಡಗಿದೆ.

ಈ ನಡುವೆ ನಮ್ಮ ಬೀದಿಯವರು ಬಂದರು. ನಮ್ಮದು ಕರೆಂಟ್ ಲೈನಿನ ಕಟ್ಟಕಡೆಯ ಬೀದಿ. ಸಂಜೆಯಾದರೆ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ, ಹತ್ತುವುದಿಲ್ಲ. ಬಲ್ಬಿನ ಒಳಗಿನ ತಂತಿಯನ್ನು ಬರಿಗಣ್ಣಿನಿಂದ ನೋಡಬಹುದು. ಹೊಸ ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಬರೆಯಬೇಕು, ಸೈನ್ಸ್ ಮೇಷ್ಟ್ರಿಗಿಂತ ಬೇರೆ ಯಾರು ಬೇಕು ಎಂದರು. ನಾನು ಉಬ್ಬಿ ಬರೆದೆ. ವೋಲ್ಟೇಜು ಕಡಿಮೆಯಾದರೆ ಮೋಟಾರುಗಳು ನಿಧಾನವಾಗಿ ತಿರುಗುತ್ತವೆ, ಗೃಹಿಣಿಯರ ಚಟ್ನಿ ತರಿತರಿಯಾಗುತ್ತದೆ ಎಂದೆಲ್ಲ ವಿವರಿಸಿದೆ. ಬರೆಯುವಾಗ ಪಕ್ಕದಲ್ಲೇ ನನ್ನ ಗಾಯಕ ಹಾಡುತ್ತಿದ್ದ. ಅವನೂ ಒಂದು ಮೋಟಾರಿನ ಮೇಲೆ ಕೂತು ಹಾಡುತ್ತಿದ್ದಾನೆಂಬುದು ವಿದ್ಯುತ್ತಿನ ಪಾಠ ಮಾಡುವ ಈ ತಲೆಗೆ ಹೊಳೆಯಲಿಲ್ಲ.

ಪ್ರಕಾಶನಿಗೆ ಫೋನಿನಲ್ಲಿ ಹೊಗಳಿ ಹೊಗಳಿ ಅವನ ಕಿವಿ ತೂತು ಬಿದ್ದಿರಬೇಕು. "ತಗೊಂಡು ಬಾ ಮಾರಾಯ, ಅದೆಂತ ಅಂತ ನೋಡೇಬಿಡುವ" ಎಂದ. ಒಂದು ಭಾನುವಾರ ಪ್ಲೇಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಅವನ ತಂದೆ ಸುಬ್ಬಣ್ಣ ಭಟ್ಟರ ಹತ್ತಿರ ಸ್ತೋತ್ರ ಕೇಳುವ ಪ್ಲೇಯರಿತ್ತು. ಅವರ ಬೀದಿಯ ಟ್ರಾನ್ಸ್‌ಫಾರ್ಮರು ಮನೆಯ ಬೇಲಿಗೇ ತಾಗಿಕೊಂಡಿದೆ. ಭಟ್ಟರು ಕುರ್ಚಿ ಎಳೆದುಕೊಂಡು ಕೂತರು. ನಾನು ಒಂದು ಪುಟ್ಟ ಭಾಷಣ ಮಾಡಿ, ಆ ಮನುಷ್ಯನ ವೈವಾಹಿಕ ದುಃಖವನ್ನು ವಿವರಿಸಿ, ಮುಳ್ಳು ಇಳಿಸಿದೆ.

ಯಜಮಾನ ಅಡ್ಡಾಡಲಿಲ್ಲ. ಘಾಟಿ ಇಳಿಯುವ ಬಸ್ಸಿನಂತೆ ಹಾಡು ಹೊರಟಿತು. ತುತ್ತೂರಿಗಳು ಕುಣಿದವು. ಆಮೇಲೆ ಒಬ್ಬಳು ಹೆಂಗಸು, ಲೋಕದಲ್ಲಿ ಯಾವ ಚಿಂತೆಯೂ ಇಲ್ಲದ ಹೆಂಗಸು, ಎದೆಬಿಚ್ಚಿ ಹಾಡತೊಡಗಿದಳು.

"ಸ್ಪೀಡು ಜಾಸ್ತಿಯಾಗಿದೆ" ಎಂದೆ. ಭಟ್ಟರು ಎದ್ದು, ಅದನ್ನು ತೆಗೆದು ತಮ್ಮ ಸ್ತೋತ್ರದ ಪ್ಲೇಟು ಹಾಕಿದರು. ಸ್ತೋತ್ರ ಎಂದಿನಂತೆ ನೆಟ್ಟಗೆ ಬಂತು. ಮತ್ತೆ ನನ್ನದನ್ನು ಹಾಕಿದರು. ಮತ್ತೆ ಅವಳೇ.

"ಹೆಂಗಸು ಒಳ್ಳೆ ಖುಷೀಲಿ ಹಾಡ್ತಾಳೆ ಮೇಷ್ಟ್ರೇ" ಎಂದರು ಭಟ್ಟರು. "ಯಾರೂ ಬಿಟ್ಟುಹೋದ ಹಾಗೆ ಕಾಣ್ಸುದಿಲ್ಲ."

ಪ್ರಕಾಶ ಬಿದ್ದು ಬಿದ್ದು ನಕ್ಕ. "ನಿಮ್ಮ ಬೀದೀಲಿ ಸಂಜೆ ವೋಲ್ಟೇಜ್ ಎಲ್ಲಿರ್ತದೆ ಮಾರಾಯ? ಪ್ಲೇಟು ತೆವಳ್ತಾ ತಿರುಗಿದ್ರೆ ಹೆಂಗಸೂ ಗಂಡಸಾಗ್ತದೆ. ನೀನು ಅದಕ್ಕೆ ಅತ್ತಿದ್ದೀ." ಹೀಗೆ ನಗುತ್ತಿರುವಾಗಲೂ ಅವನ ಕಾಲು ತಾಳ ಹಾಕುತ್ತಿದ್ದುದನ್ನು ನಾನು ಗಮನಿಸಿದೆ. ಎತ್ತಿ ತೋರಿಸುವ ಸ್ಥಿತಿಯಲ್ಲಿ ಮಾತ್ರ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ನನ್ನ ಸ್ನೇಹಿತ ಇರಲೇ ಇಲ್ಲ ಎಂದಾಯಿತಲ್ಲ. ಆದರೆ ಆ ಸಂಜೆ ಮನೆಯಲ್ಲಿ ಪ್ಲೇಟು ಹಾಕಿದರೆ ಅವನು ಎಂದಿನಂತೆ ಬಂದ, ಅದೇ ಗಾಂಭೀರ್ಯದಿಂದ ನೊಂದುಕೊಂಡ. ನನಗೆ ಹೋದ ಜೀವ ಬಂದಂತಾಯಿತು. ಆಗಲೇ ಅರ್ಜಿಯ ನೆನಪಾದದ್ದು. ಹೊಸ ಟ್ರಾನ್ಸ್‌ಫಾರ್ಮರು ಬಂದ ದಿನ ಇವನು ಹೋಗುತ್ತಾನೆ. ಕಚೇರಿಗಳಲ್ಲಿ ಅರ್ಜಿಗಳು ಮೂಲೆ ಸೇರುತ್ತವೆ ಎಂದು ಜನ ದೂರುವುದನ್ನು ಕೇಳಿದ್ದೇನೆ. ಈ ಒಂದು ಅರ್ಜಿಯಾದರೂ ಸೇರಲಿ ಎಂದು ಹಾರೈಸಿದವನು ನಾನೊಬ್ಬನೇ ಇರಬೇಕು. ಆದರೆ ನಾನು ಬರೆದ ಅರ್ಜಿ. ನಾನು ಜೀವಮಾನದಲ್ಲಿ ಬರೆದದ್ದರಲ್ಲಿ ಫಲ ಕೊಟ್ಟದ್ದು ಅದೊಂದೇ.

ಟ್ರಾನ್ಸ್‌ಫಾರ್ಮರು ಬಂತು. ಬೀದಿಯವರು ಅದಕ್ಕೆ ಕುಂಕುಮ ಹಚ್ಚಿ, ನನ್ನ ಕೈಯಲ್ಲೇ ಕಾಯಿ ಒಡೆಸಿದರು. ಅಂದು ಸಂಜೆ ಟ್ಯೂಬ್‌ಲೈಟು ಒಂದೇ ಏಟಿಗೆ ಹತ್ತಿತು. ಸುಮಿತ್ರೆಯ ಚಟ್ನಿ ಬೆಣ್ಣೆಯಂತಾಯಿತು. ಪ್ಲೇಟಿನಲ್ಲಿ ಆ ಹೆಂಗಸು ಕುಣಿದಳು. ಅವಳನ್ನು ದ್ವೇಷಿಸಬೇಕೆಂದು ಕೂತೆ, ಆಗಲಿಲ್ಲ. ವಾರ ಕಳೆಯುವುದರೊಳಗೆ ಅವಳೂ ಬೇಕೆನಿಸತೊಡಗಿತು. ಈಗ ಬೆಳಿಗ್ಗೆ ಸ್ನಾನ ಮುಗಿಸಿ ಅವಳ ಹಾಡು ಕೇಳಿಯೇ ಸ್ಕೂಲಿಗೆ ಹೊರಡುವುದು. ಪ್ರಕಾಶ ಕೂಡ ಇಂಥ ಪ್ಲೇಟು ಇನ್ನೂ ಇದೆಯಾ ಎಂದು ಖಾದರ್ ಸಾಹೇಬರ ಅಂಗಡಿಗೆ ಎರಡು ಸಲ ಹೋಗಿಬಂದನಂತೆ.

ಸಂಜೆ ಮಾತ್ರ ನನಗೆ ನನ್ನ ಹಳೆಯ ಗಾಯಕನೇ ಬೇಕು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ. ಪ್ಲೇಯರಿನ ಪಕ್ಕ ಕೂತು, ತಿರುಗುವ ತಟ್ಟೆಯ ಅಂಚಿಗೆ ಹೆಬ್ಬೆರಳನ್ನು ಹಗುರವಾಗಿ ತಾಗಿಸಿ ಹಿಡಿಯುತ್ತೇನೆ. ತಟ್ಟೆ ನಿಧಾನವಾಗುತ್ತದೆ. ಯಜಮಾನ ಅಂಗಳಕ್ಕಿಳಿಯುತ್ತಾನೆ. ಮೊನ್ನೆ ಸುಮಿತ್ರೆ ಕಾಫಿ ತಂದವಳು ನನ್ನ ಬೆರಳನ್ನೂ ಮುಖವನ್ನೂ ಸ್ವಲ್ಪ ಹೊತ್ತು ನೋಡಿದಳು.

"ಊರಿಗೆಲ್ಲ ಅರ್ಜಿ ಬರ್ದು ಕರೆಂಟ್ ತರಿಸಿದ್ರಿ. ಈಗ ಮನೇಲಿ ಕೂತು ಲೋ ವೋಲ್ಟೇಜ್ ಕೊಡೋ ಕೆಲಸ ನೀವೇ ವಹಿಸ್ಕೊಂಡ್ರಲ್ಲ ಮಾರಾಯ್ರೆ" ಎಂದಳು.

ತಕ್ಕ ಉತ್ತರವೊಂದು ಹೊಳೆಯಿತು. ಹೇಳಲು ತಿರುಗಿದೆ, ಬೆರಳು ಜಾರಿತು. ದುಃಖದ ನಡುವೆ ಆ ಗಂಭೀರ ಮನುಷ್ಯ ಎರಡು ಸಾಲು ಹೆಂಗಸಾಗಿ ನಕ್ಕುಬಿಟ್ಟ. ನಾನು ಉತ್ತರ ನುಂಗಿಕೊಂಡು ಬೆರಳನ್ನು ಮತ್ತೆ ಇಟ್ಟೆ.