ಹೋಟೆಲಿನವರ ಬೋಟಿಗೆ ಹೊಸ ಟ್ಯಾಂಕ್

ಮೂವತ್ತು ವರ್ಷ ಚೆಂಬೂರಿನಲ್ಲಿ ಇಡ್ಲಿ ಬೇಯಿಸಿದವನು ಬೋಟ್ ಕೊಂಡರೆ ಹೀಗೆಲ್ಲ ಆಗದೆ ಇನ್ನೇನಾಗುತ್ತದೆ ಹೇಳಿ! ನನಗೂ ಘಾಟ್ಕೋಪರಿನಲ್ಲಿರುವ ನನ್ನ ಹೆಂಡತಿಯ ಅಣ್ಣನಿಗೂ ಸೇರಿ ಒಂದು ಹಳೆಯ ಫೈಬರ್ ಬೋಟ್ ಉಂಟು. ರಜೆಯ ದಿನ ಖಾಡಿಯ ಹಿನ್ನೀರಿನಲ್ಲಿ ಒಂದು ಸುತ್ತು ಹೊಡೆದು ಬರುವುದು, ಅಷ್ಟೇ ನಮ್ಮ ಶೋಕಿ. ಈಚೆಗೆ ಅದರ ಡೀಸೆಲ್ ಟ್ಯಾಂಕ್ ಸೋರತೊಡಗಿತು. ನನ್ನ ಅಂಗಿಯಿಂದ ಹಿಡಿದು ಮನೆಯ ಪರದೆಯವರೆಗೆ ಅದೇ ವಾಸನೆ. ಹೆಂಡತಿ ಒಂದು ದಿನ ಆ ಅಂಗಿಯನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದಳು.

"ನೋಡಿ, ಬರುವ ಆದಿತ್ಯವಾರ ನಮ್ಮ ಮದುವೆಯ ದಿನ. ಅವತ್ತು ನಾನೂ ಬೋಟಿಗೆ ಬರ್ತೇನೆ. ವಾಸನೆ ಬಂತೋ, ಸೋಮವಾರ ಅದನ್ನು ಮಾರಿಬಿಡುವುದು."

ಅವಳು ಹೇಳಿದಳೆಂದರೆ ಮುಗಿಯಿತು. ನನಗೆ ಆ ಬೋಟೆಂದರೆ ಜೀವ. ರಾತ್ರಿ ಊಟ ಸೇರಲಿಲ್ಲ.

ಊದುಬತ್ತಿ

ಮೊದಲ ಉಪಾಯ ಭಾವನದು. "ವಾಸನೆ ತಾನೆ? ಅದಕ್ಕೆಂತ ದೊಡ್ಡ ತಲೆಬಿಸಿ!" ಎಂದು ಬೋಟಿನೊಳಗೆ ಕೂತು ಊದುಬತ್ತಿಯ ಇಡೀ ಕಟ್ಟಿಗೆ ಕಡ್ಡಿ ಗೀರಿದರು. ಸೀಟಿನ ಕೆಳಗೆ ಡೀಸೆಲ್ ಮಡುಗಟ್ಟಿ ನಿಂತಿದೆ! ಪಕ್ಕದ ಮೀನು ದೋಣಿ ನಡೆಸುವ ತಾಂಡೇಲ ಅಲ್ಲಿಂದಲೇ ಹಾರಿ ಬಂದು, ಕಟ್ಟನ್ನು ಕಿತ್ತು ನೀರಿಗೆಸೆದ.

"ಶೇಟ್, ಪೂಜಾ ಕಿನಾರೆ ಪೆ ಕರೊ. ಇಧರ್ ಕರೋಗೆ ತೋ ಸೀಧಾ ಭಗವಾನ್ ಸೆ ಮುಲಾಕಾತ್ ಹೋಗೀ!" ಪೂಜೆ ದಡದಲ್ಲಿ ಮಾಡಿ, ಇಲ್ಲಿ ಮಾಡಿದರೆ ನೇರ ದೇವರ ಭೇಟಿಯೇ ಎಂದು ಬೈದ.

ಭಾವನಿಗೆ ಜೀವ ಉಳಿದ ಸಂತೋಷವೇ ಇಲ್ಲ. "ಒಳ್ಳೇ ಗಂಧದ ಊದುಬತ್ತಿ ಮಾರಾಯ್ರೆ," ಎಂದು ದಿನವಿಡೀ ಗೊಣಗಿದರು.

ನಾಲ್ಕೇ ಬೋಲ್ಟ್

ಟ್ಯಾಂಕನ್ನೇ ಬದಲಿಸಬೇಕು ಎಂದಾಯಿತು. ಮಿಸ್ತ್ರಿಯನ್ನು ಕರೆಯೋಣ ಎಂದೆ. "ಬೇಡ ಮಾರಾಯ್ರೆ, ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇನೆ. ನಾಲ್ಕೇ ಬೋಲ್ಟ್," ಅಂದರು ಅವರು. ಉಳಿದ ಡೀಸೆಲನ್ನು ಡಬ್ಬಗಳಿಗೆ ತೆಗೆದೆವು. ಆಮೇಲೆ ಭಾವ ಹಿಂದಿನ ಸೀಟಿನ ಕೆಳಗಿನ ಬಾಗಿಲು ತೆರೆದು ಅರ್ಧ ಮೈ ಒಳಗೆ ತೂರಿಸಿದರು. ನಾಲ್ಕೂ ಬೋಲ್ಟ್ ಬಿಚ್ಚಿದರೂ ಟ್ಯಾಂಕ್ ಅಲುಗಾಡಲಿಲ್ಲ. ನಾನು ಪಕ್ಕದ ಹಲಗೆಯ ಮೇಲೆ ಗಟ್ಟಿಯಾಗಿ ಕೂತು ಅವರ ಕಾಲು ಎಳೆದೆ, ಅವರು ಟ್ಯಾಂಕ್ ಎಳೆದರು.

"ಭಾವ, ಟ್ಯಾಂಕ್ ಬಿಟ್ಟು ಹೊರಗೆ ಬನ್ನಿ!"

"ಬಿಡುವುದಾ? ಈಗ ಸ್ವಲ್ಪ ಬಂತು!"

ಬಂದದ್ದು ಅವರ ಪ್ಯಾಂಟು. ಜೆಟ್ಟಿಯಲ್ಲಿ ಬೊಂಬಿಲ್ ಮೀನು ಒಣಗಿಸುತ್ತಿದ್ದ ಅಜ್ಜಿ ಬಹಳ ಹೊತ್ತು ನೋಡಿ, ತಡೆಯಲಾರದೆ ಎದ್ದು ಬಂದು ನನಗೆ ಹೇಳಿದಳು: "ಅರೆ ಬಾಬಾ, ತು ಉಠ್ ನಾ!"

ಎದ್ದೆ. ನಾನು ಕೂತಿದ್ದ ಹಲಗೆಯೇ ಟ್ಯಾಂಕನ್ನು ಅದುಮಿ ಹಿಡಿದಿತ್ತು.

ನಲ್ಲಿ

ಹೊಸ ಟ್ಯಾಂಕಿಗೆ ಜೋಗೇಶ್ವರಿಗೆ ಹೋದೆವು. ನಮ್ಮ ಹೋಟೆಲಿನ ಇಡ್ಲಿ ಹಂಡೆ, ಸಾಂಬಾರ್ ಡ್ರಮ್ಮು ಎಲ್ಲ ಮಾಡಿಕೊಡುವ ಸ್ಟೀಲಿನವನು ಅಲ್ಲಿದ್ದಾನೆ. ಅಳತೆ ಕೊಟ್ಟೆವು. ಒಳಗೆ ಡೀಸೆಲ್ ಕುಲುಕದಂತೆ ಅಡ್ಡ ತಗಡುಗಳನ್ನು ಹಾಕಲು ಹೇಳಿದೆವು. ಎರಡು ದಿನ ಬಿಟ್ಟು ಹೋದರೆ ಟ್ಯಾಂಕ್ ಕನ್ನಡಿಯ ಹಾಗೆ ಹೊಳೆಯುತ್ತಿದೆ, ತಳದಲ್ಲಿ ಒಂದು ಚಂದದ ಹಿತ್ತಾಳೆ ನಲ್ಲಿ!

"ಇದೆಂತದು?" ಅಂದೆ.

ಅವನಿಗೂ ಆಶ್ಚರ್ಯ. "ಇಪ್ಪತ್ತು ವರ್ಷದಿಂದ ನಲ್ಲಿ ಇಲ್ಲದ ಡ್ರಮ್ ನೀವು ಯಾವಾಗ ತಗೊಂಡ್ರಿ ಶೆಟ್ರೆ?"

ಅದು ಬೋಟಿಗೆ, ಡೀಸೆಲಿಗೆ ಎಂದು ಮತ್ತೆ ವಿವರಿಸಿದೆ. ನಲ್ಲಿ ಕಿತ್ತು, ತೂತಿಗೆ ವೆಲ್ಡಿಂಗ್ ಮಾಡಿಕೊಟ್ಟ. ಹೊರಡುವಾಗ ಮೆತ್ತಗೆ ಕೇಳಿದ: "ಹಾಗಾದ್ರೆ ಸೌಟು ಬೇಡ್ವಾ?"

ಹುಳಿ ಸ್ನಾನ

ಹೊಸ ಪಾತ್ರೆಯನ್ನು ತೊಳೆಯದೆ ಬಳಸುವ ಕ್ರಮ ನಮ್ಮಲ್ಲಿ ಉಂಟೇ? ಟ್ಯಾಂಕ್ ಹೋಟೆಲಿಗೆ ಬಂದದ್ದೇ ತಡ, ಅಡುಗೆ ಭಟ್ರು ಹುಣಸೆಹುಳಿ ಕುದಿಸಿ ಹೊಯ್ದು ಕುಲುಕಿದರು. ಆಮೇಲೆ ಸೋರುತ್ತದೋ ನೋಡೋಣವೆಂದು ಬಾಯಿವರೆಗೆ ನೀರು ತುಂಬಿಸಿ ಒಂದು ರಾತ್ರಿ ಇಟ್ಟೆವು. ಒಂದು ಹನಿಯೂ ಸೋರಲಿಲ್ಲ. ಬೆಳಿಗ್ಗೆ ಕವುಚಿ ಹಾಕಿದೆವು. ಭಟ್ರು ಟ್ಯಾಂಕಿನ ಬಾಯಿಗೆ ಮೂಗಿಟ್ಟು ಮೂಸಿ, ತೃಪ್ತಿಯಿಂದ ತಲೆಯಾಡಿಸಿದರು.

"ಈಗ ಇದರಲ್ಲಿ ಸಾರು ಮಾಡ್ಲಿಕ್ಕೂ ಅಡ್ಡಿಯಿಲ್ಲ."

ಆದಿತ್ಯವಾರ

ಸೀಟಿನ ಕೆಳಗೆ ಚೆಲ್ಲಿದ್ದ ಡೀಸೆಲನ್ನೆಲ್ಲ ತೊಳೆದು, ಟ್ಯಾಂಕ್ ಕೂರಿಸಿ, ಹೊಸ ಡೀಸೆಲ್ ತುಂಬಿದೆವು. ಹೆಂಡತಿ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಲೈಫ್ ಜಾಕೆಟ್ ಬಿಗಿದು, ಕಡಲೆಬೇಳೆ ಚಟ್ಟಂಬಡೆಯ ಡಬ್ಬ ಹಿಡಿದು ಬೋಟ್ ಹತ್ತಿದಳು. ಸೀಟಿನ ಬಾಗಿಲು ತೆಗೆಸಿ, ಬಗ್ಗಿ, ಎರಡು ಸಲ ಮೂಸಿದಳು.

"ಹ್ಞೂಂ. ವಾಸನೆ ಇಲ್ಲ."

ಗೆದ್ದೆ ಎಂದುಕೊಂಡೆ. ಕಾಲು ಗಂಟೆ ಹೋಗಿರಬೇಕು, ಎಂಜಿನ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಭಾವ ಫಿಲ್ಟರ್ ಬಿಚ್ಚಿದರೆ ಡೀಸೆಲಿಗಿಂತ ನೀರೇ ಜಾಸ್ತಿ! ಅಡ್ಡ ತಗಡುಗಳ ಸಂದಿನಲ್ಲಿ ನಿಂತಿದ್ದ ನೀರು ಕವುಚಿದಾಗ ಬಂದೇ ಇರಲಿಲ್ಲ. ಸೋಮವಾರ ಕಣ್ಣೆದುರು ಬಂತು.

ತಾಂಡೇಲನಿಗೆ ಫೋನ್ ಮಾಡಿದೆ. ಅವನು ಬರುವವರೆಗೆ ಬೋಟ್ ಸುಮ್ಮನೆ ತೇಲುತ್ತಿತ್ತು. ದೂರದ ಕೆಸರಿನಲ್ಲಿ ಗುಲಾಬಿ ಹಕ್ಕಿಗಳ ಹಿಂಡು. ಹೆಂಡತಿ ಡಬ್ಬ ಬಿಚ್ಚಿ ನಮಗೂ ಕೊಟ್ಟು, ತಾನೂ ತಿಂದು, ಹಕ್ಕಿ ನೋಡುತ್ತ ಕೂತಳು. ತಾಂಡೇಲ ಹಗ್ಗ ಕಟ್ಟಿ ನಿಧಾನ ಎಳೆಯುವಾಗ ಒಂದು ಹಳೆಯ ಹಾಡು ಗುನುಗಿದಳು. ಇಷ್ಟು ವರ್ಷದಲ್ಲಿ ಅವಳು ಹಾಡಿದ್ದು ನಾನು ಕೇಳಿದ್ದು ಎಷ್ಟು ಸಲ? ನನಗೆ ಖುಷಿಯೂ ಆಯಿತು, ಹೆದರಿಕೆ ಇನ್ನೂ ಜಾಸ್ತಿಯಾಯಿತು.

ಜೆಟ್ಟಿಗೆ ಇಳಿದ ಮೇಲೆ ಧೈರ್ಯ ಮಾಡಿ ಕೇಳಿದೆ. "ಹಾಗಾದ್ರೆ... ಬೋಟ್ ಮಾರುವುದಾ?"

"ಬೋಟ್ ಯಾಕೆ ಮಾರುವುದು? ಎಷ್ಟು ಚಂದ ಹೋಯ್ತು! ವಾಸನೆ ಇಲ್ಲ, ಗಲಾಟೆ ಇಲ್ಲ," ಅಂದಳು. ನಾನು ನಿಟ್ಟುಸಿರು ಬಿಡುವ ಮೊದಲೇ ತಾಂಡೇಲನ ಕಡೆ ಕೈ ತೋರಿಸಿದಳು. "ಎಳೀಲಿಕ್ಕೆ ಅವನುಂಟಲ್ಲ. ಆ ಎಂಜಿನ್ ಮಾರಿಬಿಡಿ!"