ಲೈಸೆನ್ಸಿಲ್ಲದ ಹಾಡುಗಳು

ಕೆಲವರ ನೌಕರಿಯಲ್ಲಿ ನಗುವಂಥ ಪ್ರಸಂಗ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ನನಗೆ ಅದು ಹೆಚ್ಚುಕಡಿಮೆ ವಾರಕ್ಕೊಮ್ಮೆ ಬರುತ್ತಿತ್ತು, ಮತ್ತು ಪ್ರತಿ ಸಲವೂ ನಗೆಪಾಟಲಾಗುವವನು ನಾನೇ ಆಗಿರುತ್ತಿದ್ದೆ.

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಎಪ್ಪತ್ತರ ದಶಕದಲ್ಲಿ ರೇಡಿಯೋ ಇಟ್ಟುಕೊಳ್ಳಲು ಸರಕಾರದ ಲೈಸೆನ್ಸು ಬೇಕಿತ್ತು. ಅದೊಂದು ಚಿಕ್ಕ ಪುಸ್ತಕ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಅದರಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಮನೆಯಲ್ಲಿ ಕೇಳುವುದಕ್ಕೆ ಒಂದು ದರ. ಹೊಟೇಲು, ಅಂಗಡಿ, ಟ್ಯಾಕ್ಸಿಗಳಲ್ಲಿ ಗಿರಾಕಿಗಳಿಗೆ ಕೇಳಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ದರ. ಈ ಪುಸ್ತಕವಿಲ್ಲದೆ ಹಾಡು ಕೇಳುವವರನ್ನು ಹಿಡಿಯುವ ಇನ್‌ಸ್ಪೆಕ್ಟರ್ ನಾನು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನನ್ನ ಸರಹದ್ದು.

ನಮ್ಮದು ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಸರಕಾರಿ ಕುರ್ಚಿಯಲ್ಲಿ ಕೂತವನು ನಾನೇ ಮೊದಲಿಗ. ಆದರೆ ಮೊದಲ ವರ್ಷ ನೌಕರಿ ಹಂಗಾಮಿ. ಹುಬ್ಬಳ್ಳಿಯಲ್ಲಿದ್ದ ನಮ್ಮ ಹಿರಿಯ ಸಾಹೇಬರು ನಾನು ಹಾಜರಾದ ದಿನವೇ ಹೇಳಿಬಿಟ್ಟಿದ್ದರು: "ನೋಡಪಾ, ವರ್ಷದೊಳಗ ಒಂದರೆ ಗಟ್ಟಿ ಕೇಸ್ ಹಿಡೀಬೇಕು. ಇಲ್ಲಾಂದ್ರ ನೌಕರಿ ಖಾಯಂ ಆಗೂದಿಲ್ಲ." ನನಗೆ ಗೊತ್ತು ಮಾಡಿದ್ದ ಹುಡುಗಿಯ ತಂದೆಯೂ ಹಾಗೇ ಹೇಳಿ ಕೂತಿದ್ದರು: "ಮೊದಲ ಖಾಯಂ ಆಗಲಿ, ಆಮ್ಯಾಲೆ ಅಕ್ಕಿಕಾಳು." ಹೀಗಾಗಿ ನನ್ನ ಹೊಟ್ಟೆಪಾಡು, ಮದುವೆ ಎರಡೂ ಯಾರದೋ ಮನೆಯ ಕಳ್ಳ ರೇಡಿಯೋದೊಳಗೆ ಸಿಕ್ಕಿಕೊಂಡಿದ್ದವು.

೧. ಎಲ್ಲಿಂದ ಅಂಗಡಿ?

ಬೆಟಗೇರಿಯ ನೇಕಾರರ ಓಣಿಯಲ್ಲಿ ನನಗೆ ಮೊದಲ ಬೇಟೆ ಸಿಕ್ಕಿತು ಎಂದುಕೊಂಡೆ. ಒಬ್ಬ ಹಿರಿಯರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರು. ಗೋಡೆಯ ಗೂಡಿನಲ್ಲಿ ರೇಡಿಯೋ ಹಾಡುತ್ತಿತ್ತು. ಲೈಸೆನ್ಸು ಕೇಳಿದೆ. ತೋರಿಸಿದರು. ಮುದ್ರೆಗಳೆಲ್ಲ ಸರಿಯಾಗಿದ್ದವು, ಆದರೆ ಅದು ಮನೆಯ ಲೈಸೆನ್ಸು.

"ಇದು ದಂಧೆ ಮಾಡೂ ಜಾಗ. ಇಲ್ಲೆ ಅಂಗಡಿ ಲೈಸೆನ್ಸ್ ಬೇಕು" ಎಂದೆ.

"ಸಾಹೇಬ್ರ, ಈ ಮಗ್ಗದಾಗ ಕುಂತು ಕೈ ಚಾಚಿದ್ರ ನನಗ ಒಲಿ ಸಿಗತೈತಿ. ಆ ಕಡೆ ಚಾಚಿದ್ರ ಮೊಮ್ಮಗಳ ತೊಟ್ಲ ಸಿಗತೈತಿ. ಮನಿ ಎಲ್ಲಿಗೆ ಮುಗೀತು, ಅಂಗಡಿ ಎಲ್ಲಿಂದ ಚಾಲೂ ಆತು, ನೀವ ಗೆರಿ ಹೊಡೀರಿ."

ಗೆರೆ ಹೊಡೆಯಲು ನನ್ನ ನಿಯಮದ ಪುಸ್ತಕದಲ್ಲಿ ಸೀಮೆಸುಣ್ಣ ಕೊಟ್ಟಿರಲಿಲ್ಲ. ಇರಲಿ, ರೇಡಿಯೋದ ಹಿಂಬದಿಯ ನಂಬರನ್ನಾದರೂ ಬರೆದುಕೊಳ್ಳೋಣ ಎಂದು ಅದನ್ನು ಬಂದ್ ಮಾಡಿದೆ.

ಆಗ ನಡೆದದ್ದನ್ನು ನೆನೆದರೆ ಇಂದಿಗೂ ಬೆರಗಾಗುತ್ತದೆ. ಇವರ ಮಗ್ಗ ನಿಂತಿತು. ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದು, ಅದರಾಚೆಯದು, ಹೀಗೆ ಇಡೀ ಸಾಲು ಗಪ್ಪಾಯಿತು. ಆ ಮನೆಗಳ ನಡುಗೋಡೆ ಮಾಳಿಗೆಯವರೆಗೆ ಮುಟ್ಟುತ್ತಿರಲಿಲ್ಲ. ಒಂದು ರೇಡಿಯೋದ ತಬಲಾಕ್ಕೆ ಸರಿಯಾಗಿ ಅಷ್ಟೂ ಮನೆಯ ಲಾಳಿಗಳು ಓಡಾಡುತ್ತಿದ್ದವು. ಸಪ್ಪಳ ಅಂದುಕೊಂಡು ನಾನು ಕಿವಿ ಮುಚ್ಚಿಕೊಂಡು ಬಂದದ್ದು ಒಂದು ದೊಡ್ಡ ಮೇಳವಾಗಿತ್ತು. ಗೋಡೆಯ ಆಚೆಯಿಂದ ಹೆಂಗಸಿನ ದನಿ ಕೇಳಿತು: "ಯಾಕ ಮಾವಾ, ಬಂದ್ ಮಾಡಿದಿ?"

"ಲೈಸೆನ್ಸ್ ಸಾಹೇಬ್ರು ಬಂದಾರವಾ" ಎಂದು ಕೂಗಿದ ಹಿರಿಯರು ನನ್ನ ಕಡೆ ತಿರುಗಿದರು. "ಬೇಕಾದ್ರ ಓಣಿ ಮಂದಿ ಎಲ್ಲಾರ ಮ್ಯಾಲೂ ಕೇಸ್ ಹಾಕ್ರಿ. ಆದ್ರ ಮೊದಲ ರೇಡಿಯೋ ಹಚ್ಚಿ ಆಮ್ಯಾಲೆ ಬರೀರಿ. ಎಲ್ಲಾರ ಸೀರಿನೂ ಸೆರಗಿಗೆ ಬಂದಾವು, ತಾಳ ತಪ್ಪಿದ್ರ ಸೊಟ್ಟ ಆಗತಾವು."

ನಾನೇ ಕೈಯಾರೆ ರೇಡಿಯೋ ಹಚ್ಚಿ ಹೊರಗೆ ಬಂದೆ.

೨. ಮಡಿಯ ಪುಸ್ತಕ

ಶಿರಹಟ್ಟಿಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ರೇಡಿಯೋ ಇತ್ತು, ಅಂಗಡಿಕಾರರು ಹೊರಗೆ ಹೋಗಿದ್ದರು, ಅವರ ತಾಯಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು.

"ಲೈಸೆನ್ಸ್ ಐತೇನ್ರಿ ಅಜ್ಜಿ?"

"ಇಲ್ದ ಏನಪಾ? ದೇವರ ಜಗಲಿ ಮ್ಯಾಲೆ ಐತಿ. ಆದ್ರ ನಾ ಇಲ್ಲಿಂದ ಏಳಂಗಿಲ್ಲ, ನೀ ಮೈಲಿಗಿಲೆ ಮುಟ್ಟಂಗಿಲ್ಲ. ಹಿತ್ತಲದಾಗ ಬಾಂವಿ ಐತಿ, ನಾಕ ಕೊಡ ಸುರಕೊಂಡು ಬಾ."

ಬೇರೆ ಇನ್‌ಸ್ಪೆಕ್ಟರನಾಗಿದ್ದರೆ ವಾದ ಮಾಡುತ್ತಿದ್ದನೋ ಏನೋ. ಗುಡಿಯ ಮನೆಯಲ್ಲಿ ಹುಟ್ಟಿದವನಿಗೆ ಮಡಿಯ ವಿಷಯದಲ್ಲಿ ಬಾಯಿ ಬರುವುದಿಲ್ಲ. ಭಾವಿಯ ನೀರು ಸುರಿದುಕೊಂಡು, ಅವರ ಮಗನ ಪಂಚೆಯನ್ನೇ ಒದ್ದೆ ಮಾಡಿ ಉಟ್ಟುಕೊಂಡು, ನಡುಗುತ್ತ ದೇವರ ಮನೆಗೆ ಹೋದೆ. ಸರಕಾರದ ಮುದ್ರೆಯಿದ್ದ ಕಾಗದ ಎಂದು ಅಜ್ಜಿ ಅದನ್ನು ದೇವರ ಸಾಲಿನಲ್ಲೇ ಕೂಡಿಸಿದ್ದರು. ದಿನಾ ಅರಿಷಿಣ, ಕುಂಕುಮ, ಗಂಧ ಏರಿ ಏರಿ ನಂಬರೂ ಕಾಣುತ್ತಿರಲಿಲ್ಲ, ವರ್ಷವೂ ಕಾಣುತ್ತಿರಲಿಲ್ಲ.

"ಅಜ್ಜಿ, ಅಕ್ಷರ ಏನೂ ಕಾಣವಲ್ದು!"

"ಪೂಜಿ ಆದ ಮ್ಯಾಲೆ ದೇವ್ರ ಮುಖ ಕಾಣತೈತೇನು? ಅದಾನ ಅಂತ ತಿಳಕೋಬೇಕು." ಅಷ್ಟಕ್ಕೇ ಬಿಡಲಿಲ್ಲ. "ಹೆಂಗೂ ಮಡಿಲೆ ನಿಂತೀದಿ, ಅಲ್ಲೆ ಹಲಗಾರತಿ ಐತಿ ನೋಡು, ಒಂದೀಟ ಬೆಳಗಿ ಬಂದ್ಬಿಡು. ಇವತ್ತ ನನ್ನ ಮೊಣಕಾಲು ಏಳವಲ್ಲವು."

ಬೆಳಗಿದೆ. ಅಜ್ಜಿ ಕೂತಲ್ಲಿಂದಲೇ ಕೈಮುಗಿದರು. ಆ ನಂಬಿಕೆಯ ಮುಂದೆ ನನ್ನ ಸಂಶಯ ತೀರ ಸಣ್ಣದಾಗಿ ಕಂಡಿತು. ಕಚೇರಿಗೆ ಬಂದು "ಲೈಸೆನ್ಸು ಪರಿಶೀಲಿಸಲಾಯಿತು, ದರ್ಶನವಾಯಿತು" ಎಂದು ಬರೆದು, ಆಮೇಲೆ ಕೊನೆಯ ಶಬ್ದ ಹೊಡೆದುಹಾಕಿದೆ.

೩. ರೇಡಿಯೋದ ಬೆನ್ನು

ಲಕ್ಷ್ಮೇಶ್ವರದ ಒಂದು ಚಹಾದ ಹೊಟೇಲಿನಲ್ಲಿ ಹಾಡು ಜೋರಾಗಿ ಕೇಳುತ್ತಿತ್ತು, ರೇಡಿಯೋ ಮಾತ್ರ ಎಲ್ಲಿಯೂ ಇರಲಿಲ್ಲ. ಮಂಡಕ್ಕಿಯ ಗಿರ್ಮಿಟ್ ಕಲಸುತ್ತಿದ್ದ ಮಾಲಕರು, "ಪಕ್ಕದ ಮನಿ ಅಕ್ಕಾರದ್ರಿ" ಎಂದು ಗೋಡೆಯಲ್ಲಿದ್ದ ಕಿಟಕಿ ತೋರಿಸಿದರು. ನಾನು ನೋಡುತ್ತಿರುವಂತೆಯೇ ಕಿಟಕಿಯಿಂದ ಒಂದು ತಾಟು ಗಿರ್ಮಿಟ್, ಎರಡು ಮಿರ್ಚಿ ಆ ಕಡೆಗೆ ಹೋದವು. ಹಾಡು ಇನ್ನಷ್ಟು ದೊಡ್ಡದಾಯಿತು.

ಮನೆಯೊಳಗೆ ಹೋದೆ. ಆ ಅಕ್ಕ ಮನೆಯ ಲೈಸೆನ್ಸು ತಂದು ಮುಂದಿಟ್ಟರು. ಒಂದು ವರ್ಷವೂ ತಪ್ಪಿರಲಿಲ್ಲ. ಆದರೆ ರೇಡಿಯೋ ಕಿಟಕಿಯ ಕಟ್ಟೆಯ ಮೇಲೆ ಹೊಟೇಲಿಗೆ ಮುಖ ಮಾಡಿ ಕೂತಿತ್ತು, ಮನೆಯ ಕಡೆಗೆ ಬರೀ ಬೆನ್ನು.

"ಅಕ್ಕಾರ, ಮನಿಯಾಗ ಕೇಳೂ ರೇಡಿಯೋ ಅಂತೀರಿ. ಅದರ ಮಾರಿ ಆ ಕಡೆ ಐತಲ್ರಿ?"

ಅಕ್ಕ ಒಂಚೂರೂ ಅಳುಕಲಿಲ್ಲ. "ನಮಗ ಹಿಂದಿನಿಂದ ಕೇಳಿದ್ರೂ ಹಾಡು ಹಾಡಿನಂಗ ಕೇಳತೈತ್ರಿ. ನಾವೇನ್ ಅದರ ಮಾರಿ ನೋಡಬೇಕೇನು?"

೪. ಗುಡ್ಡದ ಹತ್ತಿರದ ಕರಕರ

ಹೀಗೇ ವರ್ಷ ಮುಗಿಯಲು ಒಂದೇ ವಾರ ಉಳಿಯಿತು. ಕೇಸು ಒಂದೂ ಇಲ್ಲ. ಆಗ ನನ್ನ ಪುಣ್ಯಕ್ಕೆ ಒಂದು ಹೆಸರಿಲ್ಲದ ಅರ್ಜಿ ಬಂತು: ಗದಗ-ಮುಂಡರಗಿ ನಡುವೆ ಓಡುವ ಒಂದು ಟ್ಯಾಕ್ಸಿಯಲ್ಲಿ ಲೈಸೆನ್ಸಿಲ್ಲದೆ ರೇಡಿಯೋ ಹಚ್ಚುತ್ತಾರೆ, ಮಂದಿಯೆಲ್ಲ ಅದಕ್ಕೇ ಮುಗಿಬೀಳುತ್ತಾರೆ, ಉಳಿದ ಟ್ಯಾಕ್ಸಿಯವರು ನೊಣ ಹೊಡೆಯುತ್ತ ಕೂತಿದ್ದೇವೆ. ಸುದ್ದಿ ಕೇಳಿ ಹಿರಿಯ ಸಾಹೇಬರು ಹುಬ್ಬಳ್ಳಿಯಿಂದ ತಾವೇ ಬಂದರು. "ಇದು ಗಟ್ಟಿ ಕೇಸು. ಸಿಕ್ಕರ ನೀ ಖಾಯಂ, ಇಲ್ಲಾಂದ್ರ ನಿನ್ನ ದೈವ" ಎಂದರು.

ಬೆಳಿಗ್ಗೆ ಎಂಟೂವರೆಗೆ ಸಾದಾ ಪ್ರಯಾಣಿಕರಂತೆ ಆ ಟ್ಯಾಕ್ಸಿ ಹತ್ತಿದೆವು. ಹಿಂದೆ ಆರು ಜನ, ಮುಂದೆ ನಾಲ್ಕು ಜನ. ಡ್ರೈವರ್ ಅರ್ಧ ಮೈ ಬಾಗಿಲಿನ ಹೊರಗಿಟ್ಟು, ಧೂಳಿಗೆಂದು ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಗಾಡಿ ಬಿಟ್ಟ. ಊರು ದಾಟಿ ಎರೆಹೊಲಗಳು ಶುರುವಾದದ್ದೇ ತಡ, ಮುಂದಿನಿಂದ ಹಾರ್ಮೋನಿಯಂ ಎದ್ದಿತು, ಹಿಂದೆಯೇ ತಬಲಾ, ಆಮೇಲೆ ಒಂದು ನಾಟಕದ ಹಾಡು. ಸಾಹೇಬರು ಮೊಣಕೈಯಿಂದ ನನ್ನ ಪಕ್ಕೆ ತಿವಿದರು.

ಹಾಡು ಮುಗಿದು ನಿರೂಪಕರ ಗಂಭೀರ ದನಿ ಬಂತು: "ಈಗ ಸಮಯ ಎಂಟು ಗಂಟೆ ನಲವತ್ತೈದು ನಿಮಿಷ. ಮುಂದಿನ ಗೀತೆಯನ್ನು ಮೆಚ್ಚಿದವರು ಹೊಂಬಳದಿಂದ ಒಬ್ಬರು, ಯಳವತ್ತಿಯಿಂದ ಇಬ್ಬರು, ಕಳಸಾಪುರದಿಂದ ಸಹಕುಟುಂಬ." ನನ್ನ ಪಕ್ಕದಲ್ಲಿದ್ದ ಹೊಂಬಳದ ರೈತ ಎದೆ ಸೆಟೆಸಿ ಕೂತ. ಮತ್ತೊಂದು ಹಾಡು ಶುರುವಾಯಿತು.

ಕಪ್ಪತಗುಡ್ಡ ಹತ್ತಿರವಾದಂತೆ ಹಾಡು ಕೆಟ್ಟಿತು. ಕರಕರ, ಗೊರಗೊರ, ನಡುವೆ ಸೀಟಿ. ಹಿಂದಿನಿಂದ ಯಾರೋ, "ಒಂದೀಟ ತಿರುವೋ ಮಾರಾಯಾ" ಎಂದರು. ಡ್ರೈವರ್ ಕೈಚಾಚಿ ಏನನ್ನೋ ತಿರುವಿದ. ಹಾಡು ಮತ್ತೆ ನೆಟ್ಟಗಾಯಿತು.

"ನಿಲ್ಲಸೋ ಗಾಡಿ!" ಎಂದು ಸಾಹೇಬರು ಗುಡುಗಿದರು. ಗಾಡಿಯೂ ನಿಂತಿತು, ಹಾಡೂ ನಿಂತಿತು.

ಎಲ್ಲರನ್ನೂ ಇಳಿಸಿ ಹುಡುಕಿದೆವು. ಸೀಟು ಕಿತ್ತೆವು. ಡಿಕ್ಕಿಯಲ್ಲಿ ಒಂದು ಚೀಲ ಶೇಂಗಾ, ಎರಡು ಕೋಳಿ. ಡ್ರೈವರನ ಮುಂದೆ ರೇಡಿಯೋ ಇರಬೇಕಾದ ಜಾಗದಲ್ಲಿ ಒಂದು ತೂತು, ಅದರ ಪಕ್ಕದಲ್ಲಿ ಯಾವ ತಂತಿಗೂ ಕೂಡಿರದ, ತಿರುವುವ ಒಂದು ಒಂಟಿ ಗುಂಡಿ. ಡ್ರೈವರ್ ಟವೆಲ್ ಬಿಚ್ಚಿ ಕೈಜೋಡಿಸಿದ.

"ರೇಡಿಯೋ ಇತ್ರಿ. ಟ್ಯಾಕ್ಸಿಗೆ ದೊಡ್ಡ ಲೈಸೆನ್ಸ್ ಬೇಕು ಅಂದ್ರು, ಅಷ್ಟು ರೊಕ್ಕ ಕಟ್ಟೂದು ನನಗ ಝೇಪಲಿಲ್ಲ, ಬಿಚ್ಚಿ ಮಾರಿದೆ. ಹಾಡಿಲ್ಲಂದ ಕೂಡ್ಲೆ ಮಂದಿ ಬ್ಯಾರೆ ಗಾಡಿ ಹತ್ತಾಕ ಹತ್ತಿದ್ರು. ಮನಿ ನಡೀಬೇಕಲ್ರಿ? ಅದಕ್ಕ ನಾನ ಚಾಲೂ ಮಾಡಿದೆ."

"ಏನ ಚಾಲೂ ಮಾಡಿದಿ?"

ಅವನು ಕಣ್ಣು ಮುಚ್ಚಿದ. ಮೂಗಿನಿಂದ ಹಾರ್ಮೋನಿಯಂ ಹೊರಟಿತು. ಎರಡು ಬೆರಳು ಬಾಗಿಲಿನ ತಗಡಿನ ಮೇಲೆ ತಬಲಾ ಆದವು. ನಂತರ ಆ ಕೊರಳು. ನಾನು ಗದಗದಲ್ಲಿ ಬೆಳೆದವನು, ಒಳ್ಳೆಯ ಹಾಡು ಸಾಕಷ್ಟು ಕೇಳಿದವನು. ಆದರೂ ಮೈ ಜುಮ್ಮೆಂದಿತು, ಕಣ್ಣು ತುಂಬಿದವು. ಬಿಸಿಲಲ್ಲಿ ರಸ್ತೆಯ ಮೇಲೆ ಹತ್ತು ಜನ ಅಲ್ಲಾಡದೆ ನಿಂತೆವು.

ಸಾಹೇಬರು ಆ ಒಂಟಿ ಗುಂಡಿಯನ್ನು ತಿರುವಿ ನೋಡಿದರು. "ಮತ್ತ ಆ ಕರಕರ?"

"ಗುಡ್ಡದ ಹಂತೇಕ ಸ್ಟೇಷನ್ ಸರಿ ಹಿಡಿಯೂದಿಲ್ಲಲ್ರಿ. ಅಲ್ಲೆ ಸ್ವಚ್ಛ ಹಾಡಿದ್ರ ಖರೆ ಅನ್ನಸೂದಿಲ್ಲ."

"ಇವರೆಲ್ಲಾ ರೇಡಿಯೋ ಅಂತನ ತಿಳಕೊಂಡಾರೇನು?"

ಹೊಂಬಳದ ರೈತ ನಡುವೆ ಬಾಯಿ ಹಾಕಿದ. "ನಮಗ ಗೊತ್ತಿಲ್ದ ಏನ್ರಿ? ಆದ್ರ ಖರೆ ರೇಡಿಯೋದಾಗ ನಮ್ಮೂರ ಹೆಸರು ಯಾವತ್ತರೆ ಬಂದೈತೇನ್ರಿ?"

ಸಾಹೇಬರು ನಿಯಮದ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಮನುಷ್ಯನ ಕೊರಳಿಗೆ ಯಾವ ದರ ಎಂದು ಅದರಲ್ಲಿ ಇರಲಿಲ್ಲ. ಡ್ರೈವರ್ ಇನ್ನೂ ಕೈಜೋಡಿಸಿಯೇ ನಿಂತಿದ್ದ. ನನ್ನ ಖಾಯಂ, ನನ್ನ ಅಕ್ಕಿಕಾಳು ಎರಡೂ ಆ ತೂತಿನಲ್ಲಿ ಬಿದ್ದುಹೋದದ್ದು ಗೊತ್ತಾಗಿತ್ತು. ಆದರೂ ರೇಡಿಯೋ ಸಿಗದ್ದಕ್ಕೆ ನನಗೆ ಸಂತೋಷವೇ ಆಗಿತ್ತು.

ಸಾಹೇಬರು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು, ಬರೆದದ್ದನ್ನು ನನಗೆ ಓದಿ ಹೇಳಿದರು: "ಈ ಇನ್‌ಸ್ಪೆಕ್ಟರರ ಸರಹದ್ದಿನಲ್ಲಿ ನಾನೇ ಖುದ್ದಾಗಿ ಹುಡುಕಿದರೂ ಲೈಸೆನ್ಸಿಲ್ಲದ ಒಂದು ರೇಡಿಯೋ ಕೂಡ ಸಿಗಲಿಲ್ಲ. ಇವರ ಕೆಲಸ ಅಷ್ಟು ಬಿಗಿಯಾಗಿದೆ. ಖಾಯಂ ಮಾಡಬಹುದು."

ನಾನು ಅಲ್ಲೇ ಕಾಲು ಮುಟ್ಟಿ ನಮಸ್ಕರಿಸಿದೆ.

ಮುಂಡರಗಿಯ ಕೆಲಸ ಮುಗಿಸಿ ಮಧ್ಯಾಹ್ನ ಅದೇ ಟ್ಯಾಕ್ಸಿಗೆ ಬಂದೆವು. ಈ ಸಲ ಸಾಹೇಬರು ಮುಂದಿನ ಸೀಟೇ ಬೇಕೆಂದು ಹತ್ತಿ ಕೂತರು. "ಮುಂಜಾನೆ ಆ ಎರಡನೇ ಹಾಡು ಅರ್ಧಕ್ಕ ನಿಂತೈತಿ. ಹಚ್ಚು, ಪೂರಾ ಆಗಲಿ" ಎಂದರು.

ಡ್ರೈವರ್ ಗಡಿಯಾರ ನೋಡಿ ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಈಗ ಮೂರೂವರಿ. ಈ ಹೊತ್ತಿನಾಗ ರೇಡಿಯೋ ಸ್ಟೇಷನ್ ಬಂದ್ ಇರತೈತಿ. ಮತ್ತ ಐದೂವರಿಗೇ ಚಾಲೂ ಆಗೂದು."

ಸಾಹೇಬರು ತಮ್ಮ ಗಡಿಯಾರ ನೋಡಿಕೊಂಡರು. ಬಾಗಿಲು ತೆಗೆದು ಕೆಳಗಿಳಿದರು. "ಇಳಿಯೋ ತಮ್ಮಾ" ಎಂದರು ನನಗೆ, "ಎರಡು ತಾಸು ಚಾ ಕುಡಿಯೂಣು. ಐದೂವರಿ ಗಾಡಿಗೇ ಹೋಗೂಣು."