ಒಂದೇ ಕೈಯಲ್ಲಿ ಆಗುವ ಡಿಜೆ

ನಮ್ಮ ಸೋದರತ್ತೆಯ ತಲೆ ಸರಿಯಾಗಿಯೇ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರುತ್ತದೆ. ಗುಬ್ಬಿಯಲ್ಲಿ ಅವಳ ಬೀದಿಯವರಿಗೆ ಆಗಲೇ ಬಂದಾಗಿದೆ. ಬರದೆ ಇನ್ನೇನು? ಅರವತ್ತು ದಾಟಿದ, ಹಣೆ ತುಂಬ ವಿಭೂತಿ ಇಡುವ ನಿವೃತ್ತ ಪ್ರೈಮರಿ ಸ್ಕೂಲ್ ಮೇಡಂ ಒಬ್ಬರು, "ಏನಪ್ಪಾ, ಹೊಸದಾಗಿ ಕಲಿಯೋರಿಗೆ ಯಾವ ಡಿಜೆ ಕಂಟ್ರೋಲರ್ ಒಳ್ಳೇದು?" ಎಂದು ಬೆಳಿಗ್ಗೆ ಬೆಳಿಗ್ಗೆ ಹಾಲಿನವನನ್ನು ಕೇಳಿದರೆ ಜನ ಏನೆಂದುಕೊಳ್ಳಬೇಕು! ಹಾಲಿನವನು ಪಾಪ, ಸ್ವಲ್ಪ ಯೋಚಿಸಿ, "ಅರ್ಧ ಲೀಟ್ರೇ ತಗೊಳ್ಳಿ ಮೇಡಂ" ಎಂದನಂತೆ.

ಇದಕ್ಕೆಲ್ಲ ಮೂಲ ಎದುರು ಮನೆಯ ಗಿರಿಜಕ್ಕ. ಅತ್ತೆಯ ಮನೆಯ ಹಜಾರದಲ್ಲಿ ಸೋಮವಾರ ಸಂಜೆ ಭಜನೆ. ಅತ್ತೆ ಹಾಡುವವಳು, ಗಿರಿಜಕ್ಕ ಹಾರ್ಮೋನಿಯಂ ನುಡಿಸುವವಳು. ಉಳಿದವರು ತಾಳ, ಚಪ್ಪಾಳೆ ಮತ್ತು ಪ್ರಸಾದದ ವಿಭಾಗದವರು. ಹೋದ ವರ್ಷ ಗಿರಿಜಕ್ಕನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನಡಿಗೆ ಮೆಲ್ಲಗೆ ಮರಳಿತು, ಬಲಗೈ ಮಾತ್ರ ಮರಳಲಿಲ್ಲ. ಎಡಗೈಯಲ್ಲೇ ನುಡಿಸೋಣವೆಂದರೆ ಹಾರ್ಮೋನಿಯಂಗೆ ಗಾಳಿ ಹಾಕುವವರು ಯಾರು?

"ನಾನಿಲ್ವೇನೇ?" ಎಂದು ಅತ್ತೆಯೇ ತಿದಿಯ ಹಿಂದೆ ಕುಳಿತಳು. ಹಾಡಿನಲ್ಲಿ ಆವೇಶ ಬಂದಾಗ ತಿದಿಗೂ ಬರುತ್ತಿತ್ತು. ಕಣ್ಣುಮುಚ್ಚಿ ಭಕ್ತಿಯಲ್ಲಿ ಮುಳುಗಿದಾಗ ಗಾಳಿಯೇ ನಿಂತುಹೋಗುತ್ತಿತ್ತು.

"ಗಾಳಿ ಹಾಕ್ತಿದೀಯೋ, ಒಲೆ ಊದ್ತಿದೀಯೋ?" ಎಂದಳು ಗಿರಿಜಕ್ಕ.

"ಶಿವನ ಧ್ಯಾನ ಬಂದಾಗ ಕೈ ನೆಟ್ಟಗಿರುತ್ತೇನೇ?"

ಎಲ್ಲರೂ ನಕ್ಕರು, ಗಿರಿಜಕ್ಕನೂ ನಕ್ಕಳು. ಆದರೆ ಮುಂದಿನ ಸೋಮವಾರ ಬರಲಿಲ್ಲ. "ನನ್ನಿಂದ ಭಜನೆ ಕೆಡೋದು ಬ್ಯಾಡ ಕಣೇ, ನೀವು ಮಾಡ್ಕೊಳ್ಳಿ" ಎಂದುಬಿಟ್ಟಳು. ಬೇರೆಯವರನ್ನು ಕರೆಸೋಣ ಎಂದವರಿಗೆ ಅತ್ತೆ, "ಅವಳು ಬರೋವರ್ಗೂ ಭಜನೆ ಇಲ್ಲ" ಎಂದಳು. ನಿಜಕ್ಕೂ ಇರಲಿಲ್ಲ. ಸೋಮವಾರ ಸಂಜೆ ಅತ್ತೆಯೊಬ್ಬಳೇ ಹಜಾರದಲ್ಲಿ ಕುಳಿತು ಎದುರು ಬಾಗಿಲು ನೋಡುತ್ತಿದ್ದಳು.

ಹೀಗಿರುವಾಗ ಕುಣಿಗಲ್ಲಿನಲ್ಲಿ ಒಂದು ಮದುವೆ. ಆರತಕ್ಷತೆಗೆ ಡಿಜೆ. ನಾವೆಲ್ಲ ಕಿವಿ ಮುಚ್ಚಿಕೊಂಡು ಊಟದ ಹಾಲಿಗೆ ಓಡಿದರೆ ಅತ್ತೆ ಮಾತ್ರ ಡಿಜೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವನ ಕೈಯನ್ನೇ ನೋಡುತ್ತಿದ್ದಳು. ಹೋಳಿಗೆಗೂ ಏಳಲಿಲ್ಲ! ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

"ನೋಡಿದ್ಯೇನ್ಲಾ? ಒಂದು ಕೈಲಿ ಟೀ ಲೋಟ ಹಿಡ್ಕೊಂಡವ್ನೆ, ಇನ್ನೊಂದು ಕೈಲಿ ಇಡೀ ಮದುವೆ ಕುಣಿಸ್ತಾವ್ನೆ! ಒಂದೇ ಕೈ ಸಾಕು ಕಣೋ ಅದಕ್ಕೆ. ಗಿರಿಜಂಗೆ ಆ ಡಿಜೆ ಪೆಟ್ಟಿಗೇನ ತಂದುಕೊಡ್ಬೇಕು."

ಆರಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ನನಗಿರುವ ಅರ್ಹತೆ ಏನು ಗೊತ್ತೇ? ಒಮ್ಮೆ ಅವಳ ಟಿವಿ ಕೆಟ್ಟಾಗ ರಿಮೋಟಿಗೆ ಹೊಸ ಸೆಲ್ ಹಾಕಿದ್ದೆ. ಕ್ಯಾತ್ಸಂದ್ರದ ನನ್ನ ಕೋಣೆಯಲ್ಲಿ ಕುಳಿತು ವಿಡಿಯೋ ನೋಡತೊಡಗಿದೆ. ಕಲಿಯುವವರಿಗೆ ಎರಡು ಚಾನೆಲ್ ಸಾಕು ಎಂದ ಒಬ್ಬ. ಎರಡು ಕೊಂಡರೆ ಪಶ್ಚಾತ್ತಾಪ ಪಡುತ್ತೀರಿ, ನಾಲ್ಕು ಬೇಕು ಎಂದ ಇನ್ನೊಬ್ಬ. ಸೌಂಡ್ ಕಾರ್ಡ್ ಒಳಗೇ ಇರಬೇಕು, ಸದ್ದು ಏರಿಸಿ ಇಳಿಸುವ ಫೇಡರ್ ಬೆಣ್ಣೆಯಂತೆ ಜಾರಬೇಕು, ಪ್ಯಾಡ್ ಮೆತ್ತಗಿರಬೇಕು ಎಂದ ಮತ್ತೊಬ್ಬ. ಕಡಿಮೆ ಬೆಲೆಯದು ಕೊಳ್ಳಿ ಎಂದೂ, ಕಡಿಮೆ ಬೆಲೆಯದಕ್ಕೆ ಮೋಸ ಹೋಗಬೇಡಿ ಎಂದೂ ಒಬ್ಬನೇ ಒಂದೇ ಉಸಿರಿನಲ್ಲಿ ಹೇಳಿದ. ವಾರ ಕಳೆಯುವಷ್ಟರಲ್ಲಿ ನನಗೆ ಮೊದಲು ಗೊತ್ತಿದ್ದದ್ದೂ ಮರೆತುಹೋಯಿತು. ಹಾಡು ನಡೆಯುವಾಗಲೇ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಗುಟ್ಟಾಗಿ ಕೇಳಿಕೊಳ್ಳುವ ಸೌಲಭ್ಯವಿದೆ ಎಂದು ಅತ್ತೆಗೆ ಫೋನಿನಲ್ಲಿ ವಿವರಿಸಿದೆ.

"ಒಬ್ರು ಹಾಡ್ತಿರೋವಾಗ ಇನ್ನೊಬ್ರದ್ದು ಕೇಳೋದಾ? ಎಂಥ ಮರ್ಯಾದೆಗೆಟ್ಟ ಕೆಲ್ಸ! ಅದು ಇಲ್ದೇ ಇರೋದು ನೋಡು" ಎಂದಳು.

ಕೊನೆಗೆ ತುಮಕೂರಿನ ಒಂದು ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋದೆ. ಅಂಗಡಿಯಾತನಿಗೆ ಉದ್ದ ಜುಟ್ಟು, ಅದಕ್ಕಿಂತ ಉದ್ದದ ತಾಳ್ಮೆ. ಮೂರು ಕಂಟ್ರೋಲರ್ ತೆಗೆದು ಮುಂದಿಟ್ಟ. ಅತ್ತೆ ಒಂದೊಂದನ್ನೂ ಮಗುಚಿ ನೋಡಿದಳು.

"ಗಾಳಿ ಎಲ್ಲಿಂದ ಹಾಕ್ತಾರಪ್ಪಾ?"

"ಗಾಳಿ ಬೇಡ ಆಂಟಿ."

"ಬೇಡ್ವಾ!" ಎಂದು ನನ್ನತ್ತ ತಿರುಗಿದ ಅತ್ತೆಯ ಮುಖದಲ್ಲಿ ಎಂಥ ಬೆಳಕು! ತಕ್ಷಣ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಡಗೈಯೊಂದರಲ್ಲೇ ಪರೀಕ್ಷೆ ಶುರುಮಾಡಿದಳು. ಗಿಟಾರ್ ಕೊಳ್ಳಲು ಬಂದಿದ್ದ ಕಾಲೇಜು ಹುಡುಗಿಯರು ಗಿಟಾರ್ ಮರೆತು ಇವಳನ್ನೇ ನೋಡುತ್ತ ನಿಂತರು.

"ಈ ಚಕ್ರ ಯಾತಕ್ಕೆ?"

"ಹಾಡನ್ನ ಹಿಂದಕ್ಕೆ ತಿರುಗಿಸ್ಬೋದು ಆಂಟಿ."

"ಭಜನೇನ ಹಿಂದಕ್ಕ್ಯಾಕೆ ತಿರುಗಿಸ್ಲಿ? ಶಿವ ಆಗ್ಲೇ ಕೇಳಿಸ್ಕೊಂಡಿರ್ತಾನೆ."

ಜುಟ್ಟಿನವನು ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ತಬಲಾ ನೋಡಿದೆ. ಕಡೆಗೆ ಅವನು ಫೋನಿಗೇ ನೇರ ಜೋಡಿಸಬಹುದಾದ, ಎರಡು ಚಾನೆಲ್ಲಿನ ಒಂದು ಸಣ್ಣದನ್ನು ಕೊಟ್ಟು, "ಕಲಿಯೋರಿಗೆ ಇಷ್ಟು ಸಾಕು. ಎಡಕ್ಕೆ ನಾಲ್ಕು ಪ್ಯಾಡು, ಬಲಕ್ಕೆ ನಾಲ್ಕು. ಯಾವ ಶಬ್ದ ತುಂಬಿದ್ರೂ ಪ್ಯಾಡ್ ಒತ್ತಿದ ತಕ್ಷಣ ಬರುತ್ತೆ" ಎಂದ. ಅತ್ತೆಗೆ ಒಪ್ಪಿಗೆಯಾಯಿತು. ಬೆಲೆಯೂ ಕೈಗೆಟುಕುವಂತಿತ್ತು. ಆದರೂ ಚೌಕಾಸಿ ಮಾಡದೆ ಬಿಟ್ಟಾಳೇ?

"ನಮ್ಗೆ ಎಡಗಡೇದು ಅಷ್ಟೇ ಬೇಕು. ಬಲಗಡೆ ಕೊಯ್ದು ಅರ್ಧ ಕೊಡು. ಕುಂಬಳಕಾಯಿ ಕೊಡಲ್ವಾ?"

ಇಡಿಯದನ್ನೇ ತಂದೆವು. ಗಿರಿಜಕ್ಕ ನುಡಿಸಿದ್ದ ಹಳೆಯ ಭಜನೆಗಳೆಲ್ಲ ಅತ್ತೆಯ ಫೋನಿನಲ್ಲಿ ಇದ್ದವು. ಅವುಗಳಿಂದ ಬರೀ ಹಾರ್ಮೋನಿಯಂ ಕತ್ತರಿಸಿ ಪ್ಯಾಡಿಗೆ ತುಂಬುವುದು ನನ್ನ ಕೆಲಸ. ಆದರೆ ಎಲ್ಲೆಲ್ಲೂ ಅತ್ತೆಯ ದನಿ! ಹಾಡು ಶುರುವಾಗುವ ಮುಂಚಿನ ಚೂರುಗಳು ಮಾತ್ರ ಸಿಕ್ಕವು. ಅವುಗಳ ಕೊನೆಯಲ್ಲೂ ಅವಳು ಗಂಟಲು ಸರಿಮಾಡಿಕೊಳ್ಳುವ ಸದ್ದು ಉಳಿದೇಬಿಟ್ಟಿತು.

ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲ ಸಿದ್ಧಮಾಡಿಟ್ಟು ವಾಪಸ್ ಬಂದೆ. ಸೋಮವಾರ ಮಧ್ಯಾಹ್ನ ರೈಲು ಹತ್ತಿ ಗುಬ್ಬಿಗೆ ಹೋಗಿ ನೋಡಿದರೆ ಫೇಡರ್ ಒಂದಿಂಚೂ ಜಾರುತ್ತಿಲ್ಲ. ಹೊಸ ಸಾಮಾನಿಗೆ ಪೂಜೆ ಆಗಬೇಡವೇ? ಸ್ಕೂಟರಿಗೂ ಮಿಕ್ಸಿಗೂ ಆದ ಮರ್ಯಾದೆ ಇದಕ್ಕೂ ಆಗಿತ್ತು. ಮೂರೆಳೆ ವಿಭೂತಿ, ಅರಿಶಿನ, ಕುಂಕುಮ, ಮೇಲೊಂದು ಹೂ. ವಿಭೂತಿಯೆಲ್ಲ ಫೇಡರಿನ ಸಂದಿಗೆ ಇಳಿದಿತ್ತು!

"ಅತ್ತೇ, ಇದು ಮೆಷೀನು!"

"ಮೆಷೀನಿಗೆ ದೇವರು ಬ್ಯಾಡ್ವೇನ್ಲಾ?"

ಪೇಂಟಿನ ಬ್ರಷ್ ಹಿಡಿದು ಸಂಜೆಯವರೆಗೆ ಉಜ್ಜಿದೆ. ಎಡಗಡೆಯ ಪ್ಯಾಡುಗಳಲ್ಲಿ ಒಂದಕ್ಕೆ ಕುಂಕುಮ, ಒಂದಕ್ಕೆ ಅರಿಶಿನ, ಒಂದಕ್ಕೆ ವಿಭೂತಿ ಎಂದು ಇಟ್ಟಿದ್ದ ಬೊಟ್ಟುಗಳನ್ನು ಮಾತ್ರ ಅತ್ತೆ ಒರೆಸಗೊಡಲಿಲ್ಲ. "ಇರ್ಲಿ ಬುಡು, ಗಿರಿಜಂಗೆ ಗುರುತಿಗಾಗುತ್ತೆ" ಎಂದಳು. ಸರಿಯೇ, ಒಂದೇ ಥರ ಇದ್ದ ನಾಲ್ಕರಲ್ಲಿ ಯಾವುದು ಯಾವುದೆಂದು ನನಗೂ ಆಗಲೇ ತಿಳಿದದ್ದು.

ದೀಪ ಹಚ್ಚಿದ ಮೇಲೆ ಅತ್ತೆ ಎದುರು ಮನೆಗೆ ಹೋಗಿ ಗಿರಿಜಕ್ಕನ ಕೈ ಹಿಡಿದು ಕರೆತಂದಳು. ತಾಳದವರೆಲ್ಲ ಬಂದು ಕುಳಿತಿದ್ದರು. ಗಿರಿಜಕ್ಕ ಪೆಟ್ಟಿಗೆಯನ್ನು ನೋಡಿದಳು.

"ಇದಕ್ಕೆ ನಾನ್ಯಾಕೆ? ಗುಂಡಿ ಒತ್ತೋಕೆ ಯಾರಾದ್ರೂ ಆಗುತ್ತೆ ಕಣೇ."

ತಾಳದವರು ತಾಳ ಕೆಳಗಿಟ್ಟರು.

"ಒತ್ತಿ ನೋಡು" ಎಂದಳು ಅತ್ತೆ.

ಗಿರಿಜಕ್ಕ ಎಡಗೈ ಬೆರಳಿನಿಂದ ಕುಂಕುಮದ ಪ್ಯಾಡ್ ಒತ್ತಿದಳು. ಹಾರ್ಮೋನಿಯಂ ನುಡಿಯಿತು. ಕೊನೆಗೆ ಅತ್ತೆಯ 'ಹ್ಞುಂ, ಹ್ಞುಂ'. ಎಲ್ಲರೂ ಗೊಳ್ಳೆಂದು ನಕ್ಕರು, ಗಿರಿಜಕ್ಕ ನಗಲಿಲ್ಲ. ಕೈ ಹಿಂದೆಗೆದುಕೊಂಡು, "ಇದು ನನ್ನ ಕೈ ಕಣೇ" ಎಂದಳು.

"ಮತ್ತಿನ್ಯಾರ್ದು? ನಡಿ, ಎತ್ಕೊ."

ಅತ್ತೆ ಹಾಡಿದಳು. ಮೊದಲ ಸಾಲು ಮುಗಿಯುವ ಹೊತ್ತಿಗೆ ಹಾರ್ಮೋನಿಯಂ ಬರಬೇಕು. ಗಿರಿಜಕ್ಕನ ಬೆರಳು ಇನ್ನೂ ಪ್ಯಾಡುಗಳ ಮೇಲೆ ಹುಡುಕುತ್ತಿತ್ತು. ತಾಳ ತಪ್ಪಿದವರನ್ನು ಹಾಡು ನಿಲ್ಲಿಸಿ ಬೈಯುವ ನಮ್ಮತ್ತೆ ಬೈಯಲಿಲ್ಲ, ನಿಲ್ಲಿಸಲೂ ಇಲ್ಲ. ಸಾಲಿನ ಕೊನೆಯ ಅಕ್ಷರವನ್ನು ಎಳೆದಳು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಆದರೂ ಎಳೆಯುತ್ತಲೇ ಇದ್ದಳು. ತಾಳದವರೂ ಕೈ ತಡೆದು ಕಾದರು. ಕೊನೆಗೆ ಬೆರಳು ಬಂತು, ಹಾರ್ಮೋನಿಯಂ ಬಂತು, ಅತ್ತೆ ಎರಡನೆಯ ಸಾಲಿಗೆ ಹೋದಳು. ಅಲ್ಲಿಯೂ ಹಾಗೆಯೇ ಕಾದಳು. ಪ್ರತಿ ಸಾಲಿಗೂ ಕಾದಳು.

ಹಾಡು ಮುಗಿದಾಗ ಅತ್ತೆಗೆ ಏದುಸಿರು. ಗಿರಿಜಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಉಸಿರೇ ಸಾಲ್ತಿಲ್ವಲ್ಲೇ ನಿಂಗೆ! ಅಭ್ಯಾಸ ಬಿಟ್ಟೋಗದೆ. ನಾಳೆಯಿಂದ ದಿನಾ ಬರ್ತೀನಿ, ಕೂರಿಸ್ಕೊಂಡು ಹಾಡಿಸ್ತೀನಿ."

"ಬಾರೇ, ದಿನಾ ಬಾ" ಎಂದಳು ಅತ್ತೆ. ಅವಳು ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು.